ಬೇವಿನ ಕುಟುಂಬದ ಮರಕ್ಕೇ ಹುಳ ಬಿದ್ದಿದೆ, ಯಾಕೆ?

ಸುಂಟಿಕೊಪ್ಪ ತೋಟ:

ಎಲ್ಲರಿಗೂ ನಮಸ್ಕಾರ. ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮದು 6 ಏಕರೆ ತೋಟ. ಮೇಲೆ ಅರೇಬಿಕಾ ಕಾಫಿ, ಗದ್ದೆ ಬದಿಗೆ ರೊಬಸ್ಟಾ ಕಾಫಿ. 3 ವರ್ಷದ ಹಿಂದೆ ಬೇಲಿ ಉದ್ದಕ್ಕೂ 40 ಮಹಾಗನಿ ಸಸಿ ನೆಟ್ಟಿದ್ದೆ. ಸಸಿ ಕೊಟ್ಟವರು "ಇದು ಬೇವಿನ ಕುಟುಂಬದ ಮರ, ಮೈಯೆಲ್ಲ ಕಹಿ, ಹುಳ ಹತ್ತಿರ ಸುಳಿಯಲ್ಲ" ಅಂದಿದ್ದರು. ನಾನೂ ಒಂದು ಎಲೆ ಕಿತ್ತು ಅಗಿದು ನೋಡಿದೆ. ಕಹಿ ಇತ್ತು. ನಂಬಿದೆ.

ಎರಡು ವರ್ಷ ಚೆನ್ನಾಗಿಯೇ ಬಂದವು. ಈ ಸಲ ಕಾಫಿ ಹೂ ಅರಳಿಸುವ ಹೂಮಳೆ ಆದ ಮೇಲೆ ಒಳ್ಳೆ ಚಿಗುರು ಒಡೆಯಿತು. ಹದಿನೈದು ದಿನ ಬಿಟ್ಟು ಬೇಲಿ ಕಡೆ ಹೋದರೆ ತುದಿಗಳೆಲ್ಲ ಬಾಡಿ ಜೋತು ಬಿದ್ದಿವೆ. ನೀರು ಸಾಲಲಿಲ್ಲವೇನೋ ಅಂದುಕೊಂಡು ಒಂದು ತುದಿ ಮುರಿದೆ. ಒಳಗೆ ಉದ್ದಕ್ಕೆ ಸುರಂಗ. ಅದರ ಬಾಯಲ್ಲಿ ನೂಲಿಗೆ ಅಂಟಿಕೊಂಡ ಕಂದು ಹಿಕ್ಕೆ, ಒದ್ದೆ ಒದ್ದೆ. ಒಳಗೊಂದು ಹುಳ. ಒಂದು ಇಂಚು ಇರಬಹುದು, ನೀಲಿ ಛಾಯೆ, ಮೈತುಂಬ ಕಪ್ಪು ಚುಕ್ಕೆ. ಎಣಿಸಿದೆ. 40ರಲ್ಲಿ 27ಕ್ಕೆ ಬಿದ್ದಿದೆ.

ಅಂದಿನಿಂದ ತಲೆಯಲ್ಲಿ ಇದೇ ಓಡುತ್ತಿದೆ. ನಮ್ಮ ಐನ್‌ಮನೆಯ, ಅಂದರೆ ಕುಟುಂಬದ ಮೂಲಮನೆಯ, ಕಂಬಗಳು ಹಲಸಿನ ಮರದ್ದು. ಅಜ್ಜನ ಅಪ್ಪನ ಕಾಲದ್ದು. ಇವತ್ತಿಗೂ ಒಂದು ಗೆದ್ದಲು ಹತ್ತಿಲ್ಲ. ಅದೇ ತೋಟದ ಹಲಸು ಕಡಿಸಿ 4 ವರ್ಷದ ಹಿಂದೆ ಪಂಪ್‌ಶೆಡ್ಡಿಗೆ ಬಾಗಿಲ ಚೌಕಟ್ಟು ಹಾಕಿಸಿದೆ. ಅದು ಆಗಲೇ ಒಂದು ಬದಿ ಟೊಳ್ಳು. ಕಾಫಿಯಲ್ಲೂ ಹೀಗೇ. ಬೋರರ್, ಅಂದರೆ ಕಾಂಡ ಕೊರಕ, ಬಂದು ಅರೇಬಿಕಾ ಗಿಡ ಒಂದೊಂದೇ ಹೋಗುತ್ತಿದೆ, 50 ಅಡಿ ಕೆಳಗಿನ ರೊಬಸ್ಟಾಕ್ಕೆ ಏನೂ ಇಲ್ಲ. ಆದರೆ ಕಾಯಿಕೊರಕ ಬಂದರೆ ರೊಬಸ್ಟಾ ಕಾಯಿಯನ್ನೂ ಬಿಡುವುದಿಲ್ಲ.

ಮರದ ಒಳಗೇ ಔಷಧಿ ಇರುತ್ತೆ ಅನ್ನುವುದು ನಿಜವಾ, ಸುಮ್ನೆ ಮಾತಾ? ನಿಜವಾದರೆ ಒಂದು ಕಡೆ ಕೆಲಸ ಮಾಡಿ ಇನ್ನೊಂದು ಕಡೆ ಯಾಕೆ ಮಾಡಲ್ಲ? ಮಹಾಗನಿ ಇಟ್ಟುಕೊಳ್ಳಲಾ, ಕಿತ್ತು ಸಿಲ್ವರ್ ಓಕ್ ಮರ ಹಾಕಲಾ? ತಿಳಿದವರು ಹೇಳಿ.

ಕೊಪ್ಪ ಗೇಟ್:

ಅಣ್ಣ, ಅವಸರದಲ್ಲಿ ಕೀಳಬೇಡಿ. ನಾನು ಕುಶಾಲನಗರದ ಕಡೆಯವನು. ನಮ್ಮ ಮನೆ ಮುಂದೆ ದೊಡ್ಡ ಬೇವಿನ ಮರವೇ ಉಂಟು. ಕೆಲವು ವರ್ಷ ಅದರ ಎಳೆ ಕುಡಿಗಳೂ ಸುಟ್ಟ ಹಾಗೆ ಒಣಗುತ್ತವೆ. ಗೇರಿಗೆ ಬರುವ ಟೀ ಸೊಳ್ಳೆ ಅನ್ನುವ ತಿಗಣೆ ಇದಕ್ಕೂ ಬಂದು ರಸ ಹೀರುತ್ತದೆ. ಬೇವಿಗೇ ಬಂದ ಮೇಲೆ ಅದರ ನೆಂಟ ಮರಕ್ಕೆ ಬರುವುದರಲ್ಲಿ ಆಶ್ಚರ್ಯ ಏನಿಲ್ಲ. ಯಾಕೆ ಅಂತ ಚೆಟ್ಟಳ್ಳಿ ಅಕ್ಕ ಹೇಳಿಯಾರು. ಅವರು ಅರಣ್ಯ ಓದಿದವರು.

ಚೆಟ್ಟಳ್ಳಿ ಕಾಫಿ:

ಕರೆದದ್ದಕ್ಕೆ ಥ್ಯಾಂಕ್ಸ್ ತಮ್ಮಾ. ಪ್ರಶ್ನೆ ಓದಿ ತುಂಬ ಖುಷಿಯಾಯಿತು. ಪೊನ್ನಂಪೇಟೆ ಅರಣ್ಯ ಕಾಲೇಜಿನಲ್ಲಿ ಓದುವಾಗ ನನಗೆ ಎಲ್ಲಕ್ಕಿಂತ ಇಷ್ಟವಾದ ವಿಷಯ ಇದೇ. ಈಗ ತೋಟ ನೋಡಿಕೊಳ್ಳುತ್ತಾ ದಿನಾ ಕಣ್ಣೆದುರು ಕಾಣುವುದೂ ಇದೇ. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಹುಳದ ವಿಷಯ. ನೀವು ಹೇಳಿದ ಗುರುತೆಲ್ಲ ನೋಡಿದರೆ ಅದು ಚಿಗುರು ಕೊರಕ. ಹೆಸರು ಹಿಪ್ಸಿಪೈಲಾ ರೊಬಸ್ಟಾ. ಕಾಫಿ ರೊಬಸ್ಟಾಕ್ಕೂ ಅದಕ್ಕೂ ಸಂಬಂಧ ಇಲ್ಲ, ಹೆಸರು ಮಾತ್ರ ಹಾಗೆ. ಬೂದು ಬಣ್ಣದ ಒಂದು ಸಣ್ಣ ಪತಂಗ ರಾತ್ರಿ ಹೊತ್ತು ಬಂದು ಎಳೆ ಚಿಗುರಿನ ಮೇಲೆ ಮೊಟ್ಟೆ ಇಡುತ್ತದೆ. ಮರಿ ಕುಡಿಯೊಳಗೆ ನುಗ್ಗುತ್ತದೆ. ಮರ ಸಾಯುವುದು ಅಪರೂಪ. ಆದರೆ ನೆಟ್ಟಗೆ ಹೋಗುವ ತಲೆ ಸತ್ತು ಪಕ್ಕದಿಂದ ನಾಲ್ಕೈದು ಕವಲು ಒಡೆಯುತ್ತವೆ. ನಾಟಾಕ್ಕೆ ಬೇಕಾದ ನೇರ ಕಾಂಡ ಸಿಗುವುದಿಲ್ಲ. ನಷ್ಟ ಅಲ್ಲಿ.

ಸಸಿ ಕೊಟ್ಟವರು ಹೇಳಿದ್ದು ಸುಳ್ಳಲ್ಲ, ಅರ್ಧ ನಿಜ. ಬೇವಿನಲ್ಲಿ ಅಜಾಡಿರಾಕ್ಟಿನ್ ಅಂತ ಒಂದು ಪದಾರ್ಥ ಇದೆ. ಅದನ್ನು 1968ರಲ್ಲಿ ಬೇರ್ಪಡಿಸಿದರು. ಅದನ್ನು ಪರೀಕ್ಷೆ ಮಾಡಿದ್ದು ಮರುಭೂಮಿ ಮಿಡತೆಗಳ ಮೇಲೆ. ಎದುರಿಗೆ ಸಿಕ್ಕಿದ್ದನ್ನೆಲ್ಲ ಮೇಯುವ ಮಿಡತೆ ಇದು ಸೋಕಿದ ತಿಂಡಿಯನ್ನು ಬಾಯಿಗೇ ಇಡುವುದಿಲ್ಲ. ತಿಂದ ಹುಳಕ್ಕೆ ಇನ್ನೊಂದು ಕಷ್ಟ. ಹುಳ ಬೆಳೆಯಬೇಕಾದರೆ ಹಳೆ ಪೊರೆ ಕಳಚಬೇಕಲ್ವಾ, ಅದನ್ನು ನಡೆಸುವ ಹಾರ್ಮೋನನ್ನೇ ಇದು ಕೆಡಿಸುತ್ತದೆ. ಹುಳ ಅರ್ಧ ಪೊರೆಯಲ್ಲೇ ಸಿಕ್ಕಿಕೊಂಡು ಸಾಯುತ್ತದೆ. ಮಹಾಗನಿ, ಹೆಬ್ಬೇವು, ಗಂಧಗರಿಗೆ ಎಲ್ಲವೂ ಬೇವಿನ ಕುಟುಂಬವೇ. ಪ್ರತಿಯೊಂದರಲ್ಲೂ ಇದೇ ಜಾತಿಯ ಕಹಿ ಪದಾರ್ಥ ಉಂಟು, ಲಿಮೊನಾಯ್ಡ್ ಅಂತಾರೆ. ಆದರೆ ಒಂದರಲ್ಲಿ ಇರುವುದೆಲ್ಲ ಇನ್ನೊಂದರಲ್ಲಿ ಇರುವುದಿಲ್ಲ. ನೀವು ಅಗಿದ ಎಲೆಯ ಕಹಿ ಆ ಮರದ್ದೇ ಸ್ವಂತ ಕಹಿ.

ಆ ಕಹಿ ಕೆಲಸ ಮಾಡುತ್ತಿದೆ. ನೂರು ಬಗೆಯ ಹುಳ ನಿಮ್ಮ ಬೇಲಿಯ ಮರವನ್ನು ಮುಟ್ಟದೆ ಹೋಗುತ್ತವೆ. ಬಾರದೆ ಇರುವ ಹುಳ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ಬಂದದ್ದು ಒಂದೇ ಒಂದು, ಆ ಕಹಿಯ ಜೊತೆಗೇ ಹುಟ್ಟಿ ಬೆಳೆದ ಹುಳ. ಅದು ಬೇರೆ ಮರಕ್ಕೆ ಹೋಗುವುದೇ ಇಲ್ಲ. ಈ ಕುಟುಂಬದ ಮರಗಳೇ ಅದಕ್ಕೆ ಊಟ.

ಇದಕ್ಕೆ ಒಂದು ಕಥೆ ಹೇಳಲೇಬೇಕು. ನಮ್ಮ ಕಾಡಿನ ಗಂಧಗರಿಗೆ, ಕೆಲವರು ನೋಗೆ ಅಂತಾರೆ, ಈ ಹುಳಕ್ಕೆ ತವರುಮನೆ ಇದ್ದ ಹಾಗೆ. ಎಳೆ ಮರಕ್ಕೆ ಬೀಳದೆ ಬಿಡುವುದಿಲ್ಲ. ದಕ್ಷಿಣ ಅಮೆರಿಕಾ ಕಡೆ ಇದೇ ಹುಳದ ಅಣ್ಣತಮ್ಮ ಒಂದಿದೆ. ಅದು ಅಲ್ಲಿನ ಮಹಾಗನಿ, ಸೆಡ್ರೆಲಾ ಮರಗಳ ಚಿಗುರು ತಿನ್ನುತ್ತದೆ. ನಮ್ಮ ಗಂಧಗರಿಗೆಯನ್ನು ಅಲ್ಲಿಗೆ ಒಯ್ದು ನೆಟ್ಟರೆ ಅಲ್ಲಿನ ಹುಳ ಅದನ್ನು ತಿಂದು ಬದುಕಲಿಲ್ಲ! 1970ರ ದಶಕದಲ್ಲಿ ಕೋಸ್ಟರಿಕಾದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಗಂಧಗರಿಗೆ ಬೇರಿನ ಮೇಲೆ ಸೆಡ್ರೆಲಾ ಕಸಿ ಕಟ್ಟಿದರು. ಹುಳ ಬೀಳುತ್ತಿದ್ದ ಆ ಸೆಡ್ರೆಲಾಕ್ಕೆ ಈಗ ಹುಳವನ್ನು ತಡೆಯುವ ಶಕ್ತಿ ಬಂತು. ಕೆಳಗಿನ ಬೇರುಮರದಿಂದ ಏನೋ ರಸ ಮೇಲಕ್ಕೆ ಹತ್ತಿ ಚಿಗುರು ಕಾದಿತ್ತು. ಇದನ್ನು ಮೊದಲ ಸಲ ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಒಂದೇ ಮರ, ಒಂದೇ ರಸ. ಇಲ್ಲಿನ ಹುಳಕ್ಕೆ ಊಟ, ಅಲ್ಲಿನದ್ದಕ್ಕೆ ವಿಷ. ಹಾಗಾಗಿ "ಈ ಮರಕ್ಕೆ ಹುಳ ಬರಲ್ಲ" ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು, ಯಾವ ಹುಳ, ಯಾವ ಊರಿನ ಹುಳ ಅಂತ.

ಇನ್ನು ನಿಮ್ಮ ಹಲಸು. ಪಂಪ್‌ಶೆಡ್ಡಿನ ಚೌಕಟ್ಟನ್ನು ಇನ್ನೊಮ್ಮೆ ನೋಡಿ. ಟೊಳ್ಳಾದ ಬದಿಯಲ್ಲಿ ಮರ ಬಿಳಿಚಿಕೊಂಡಿದೆಯಾ, ಹಳದಿಯಾ? ನನ್ನ ಲೆಕ್ಕದಲ್ಲಿ ಬಿಳಿ. ಮರದ ಹೊರಸುತ್ತು ಬದುಕಿರುವ ಭಾಗ. ನೀರು ಹತ್ತುವುದು, ಸಕ್ಕರೆ ಹಿಟ್ಟು ಕೂಡಿಡುವುದು ಅಲ್ಲೇ. ಗೆದ್ದಲಿಗೆ ಅದು ಹಬ್ಬದ ಊಟ. ವರ್ಷ ಕಳೆದ ಹಾಗೆ ಒಳಗಿನ ಭಾಗ ಸಾಯುತ್ತದೆ. ಸಾಯುವ ಮುಂಚೆ ಅಲ್ಲಿನ ಜೀವಕೋಶಗಳು ಕೂಡಿಟ್ಟದ್ದನ್ನೆಲ್ಲ ಖರ್ಚು ಮಾಡಿ ಬಣ್ಣದ, ಒಗರಿನ, ವಾಸನೆಯ ಪದಾರ್ಥ ತಯಾರಿಸಿ ತುಂಬಿಸಿ ಹೋಗುತ್ತವೆ. ಅದೇ ಚೇಗು. ಹಲಸಿನ ಚೇಗಿನ ಅರಿಶಿನ ಬಣ್ಣ ಮೋರಿನ್ ಎಂಬ ಪದಾರ್ಥದ್ದು. ಬೌದ್ಧ ಭಿಕ್ಷುಗಳ ಬಟ್ಟೆಗೆ ಬಣ್ಣ ಹಾಕಲು ಹಲಸಿನ ಚಕ್ಕೆ ಬಳಸುತ್ತಿದ್ದದ್ದು ಅದಕ್ಕೇ. ಶ್ರೀಗಂಧದ ಎಣ್ಣೆ ಇರುವುದೂ ಚೇಗಿನಲ್ಲೇ. ಹಿಂದಿನವರು ವಯಸ್ಸಾದ ಮರ ಕಡಿದು, ಬಿಳಿ ಭಾಗ ಪೂರ್ತಿ ಕೆತ್ತಿ ತೆಗೆದು, ಬರೀ ಚೇಗು ನಿಲ್ಲಿಸುತ್ತಿದ್ದರು. ಈಗ ಎಳೆ ಮರ ಕಡಿಯುತ್ತೇವೆ, ಅಳತೆ ಸಿಗಲಿ ಅಂತ ಬಿಳಿ ಭಾಗವನ್ನೂ ಸೇರಿಸಿ ಕೊಯ್ಯುತ್ತೇವೆ.

ತೇಗ ನೋಡಿ, ಇನ್ನೂ ಸ್ಪಷ್ಟ. ಅದರ ಚೇಗಿನಲ್ಲಿ ಟೆಕ್ಟೋಕ್ವಿನೋನ್ ಇದೆ, ಗೆದ್ದಲು ಹೆದರುತ್ತದೆ. ಅದೇ ಮರದ ಎಲೆ? ಮುಂಗಾರು ಶುರುವಾಗುವಾಗ ತಿತಿಮತಿ ಕಡೆಯ ತೇಗದ ಪ್ಲಾಂಟೇಶನ್ ಪಕ್ಕ ಸ್ವಲ್ಪ ಹೊತ್ತು ನಿಂತು ನೋಡಿ. ಎಲೆ ತಿನ್ನುವ ಹುಳ ಎದ್ದ ವರ್ಷ ಮರಗಳು ಬರೀ ನರ ಉಳಿದ ಎಲೆ ಹೊತ್ತು ನಿಂತಿರುತ್ತವೆ. ಮರದ ಔಷಧಿ ಎಲ್ಲ ಅಂಗಕ್ಕೂ ಒಂದೇ ಅಲ್ಲ.

ಎಳೆ ಚಿಗುರಿನ ಕಥೆಯೂ ಇದಕ್ಕೆ ಸೇರಿದ್ದು. ಇಂಗ್ಲೆಂಡಿನಲ್ಲಿ ಪಾಲ್ ಫೀನಿ ಅನ್ನುವವರು ಓಕ್ ಮರದ ಎಲೆಯಲ್ಲಿ ಒಗರು, ಅಂದರೆ ಟ್ಯಾನಿನ್, ಎಷ್ಟಿದೆ ಅಂತ ವರ್ಷದ ಉದ್ದಕ್ಕೂ ಅಳೆದು 1970ರಲ್ಲಿ ಬರೆದರು. ಎಲೆ ಬಲಿತ ಹಾಗೆ ಟ್ಯಾನಿನ್ ಏರುತ್ತದೆ, ಎಲೆ ಗಟ್ಟಿಯಾಗುತ್ತದೆ. ಮರಿಹುಳಗಳು ಇದಕ್ಕೆ ಸರಿಯಾಗಿ ಚಿಗುರಿನ ಹೊತ್ತಿಗೇ ಮೊಟ್ಟೆಯೊಡೆದು ಬಂದು ಎಳೆ ಎಲೆ ಮೇಯ್ದು ಮುಗಿಸುತ್ತವೆ. ನಿಮ್ಮ ಬೇಲಿಯಲ್ಲಿ ಹೂಮಳೆ ಆಗಿ ಚಿಗುರಿದ ಹದಿನೈದು ದಿನದೊಳಗೆ ಹುಳ ಬಿದ್ದದ್ದು ಕಾಕತಾಳೀಯ ಅಲ್ಲ.

ಕೊನೆಗೆ ಕಾಫಿ. ಕೆಫೀನ್ ಕೂಡ ಗಿಡ ತನ್ನ ರಕ್ಷಣೆಗೆ ಮಾಡಿಕೊಂಡದ್ದೇ, ನಮಗೆ ಬೆಳಿಗ್ಗೆ ಎಚ್ಚರ ಆಗಲಿ ಅಂತ ಅಲ್ಲ. ಅರೇಬಿಕಾ ಬೀಜದಲ್ಲಿ ಹೆಚ್ಚುಕಮ್ಮಿ ಶೇಕಡ 1.2, ರೊಬಸ್ಟಾದಲ್ಲಿ 2.2ರಷ್ಟು. ಇಷ್ಟು ಕೆಫೀನ್ ಇರುವ ಬೀಜದ ಒಳಗೇ ಸಂಸಾರ ಹೂಡುವ ಕೀಟ ಕಾಯಿಕೊರಕ ಅನ್ನುವ ಪುಟ್ಟ ದುಂಬಿ. ಹೇಗೆ ಅಂತ 2015ರಲ್ಲಿ ಗೊತ್ತಾಯಿತು. ಅದರ ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾ ಕೆಫೀನ್ ಅನ್ನು ಕರಗಿಸುತ್ತವೆ. ಆಂಟಿಬಯಾಟಿಕ್ ಕೊಟ್ಟು ಬ್ಯಾಕ್ಟೀರಿಯಾ ಕೊಂದಾಗ ದುಂಬಿಯ ಹಿಕ್ಕೆಯಲ್ಲಿ ಕೆಫೀನ್ ಹಾಗೇ ಹೊರಗೆ ಬಂತು. ಒಂದು ಬ್ಯಾಕ್ಟೀರಿಯಾ ವಾಪಸ್ ಕೊಟ್ಟಾಗ ಮತ್ತೆ ಕರಗಿಸುವ ಶಕ್ತಿ ಬಂತು. ಗಿಡದ ವಿಷಕ್ಕೆ ಮದ್ದು ಹುಳದ ಹೊಟ್ಟೆಯಲ್ಲಿ!

ಕಾಂಡ ಕೊರಕದ ಲೆಕ್ಕ ಬೇರೆ. ಅಲ್ಲಿ ಗಿಡದ ಜಾತಿಯ ಜೊತೆ ಬಿಸಿಲೂ ದೊಡ್ಡದು. ಆ ದುಂಬಿಗೆ ಬಿಸಿಲು ಬೇಕು. ನೆರಳು ತೆಳುವಾದ ಕಡೆಯ ಅರೇಬಿಕಾ ಕಾಂಡವನ್ನೇ ಹುಡುಕಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಈ ವರ್ಷ ಮರಗಸಿ, ಅಂದರೆ ನೆರಳು ಮರದ ಕೊಂಬೆ ಕಡಿಸುವುದು, ಜಾಸ್ತಿ ಮಾಡಿಸಿದ್ರಾ? ಮಹಾಗನಿ ಬುಡಕ್ಕೆ ಯೂರಿಯಾ ಹಾಕಿದ್ರಾ? ಇವೆರಡಕ್ಕೆ ಉತ್ತರ ಹೇಳಿ, ಆಮೇಲೆ ಮುಂದಿನದ್ದು ಮಾತಾಡೋಣ.

ವಿರಾಜಪೇಟೆ ಕಿತ್ತಳೆ:

ಅಕ್ಕ, ನೀವು ಬರೆದದ್ದನ್ನು ನಮ್ಮ ಅಮ್ಮನಿಗೆ ಪೂರ್ತಿ ಓದಿ ಹೇಳಿದೆ. ಅವರಿಗೆ ತಕ್ಷಣ ನೆನಪಾದದ್ದು ಕಿತ್ತಳೆ ಗಿಡದ ಹುಳ.

ಮನೆ ಹಿಂದೆ ಐದಾರು ಕೊಡಗು ಕಿತ್ತಳೆ ಗಿಡ ಉಳಿದಿವೆ. ಎಲೆಯನ್ನು ಬೆಳಕಿಗೆ ಹಿಡಿದರೆ ಸೂಜಿಮೊನೆಯಷ್ಟು ಚುಕ್ಕೆಗಳು ಕಾಣುತ್ತವೆ. ಎಣ್ಣೆಯ ಚೀಲಗಳು ಅವು. ಹಿಸುಕಿದರೆ ಘಮ್ಮೆನ್ನುತ್ತದೆ. ಬೇರೆ ಹುಳಕ್ಕೆ ಆ ವಾಸನೆ ಆಗಲ್ಲ. ಆದರೆ ನಿಂಬೆ ಚಿಟ್ಟೆ ಆ ವಾಸನೆ ಹಿಡಿದೇ ಬಂದು ಮೊಟ್ಟೆ ಇಡುತ್ತದೆ. ಮರಿ ಮೊದಲು ಥೇಟ್ ಹಕ್ಕಿ ಹಿಕ್ಕೆಯ ಹಾಗೆ ಕಪ್ಪು ಬಿಳುಪು. ದೊಡ್ಡದಾದ ಮೇಲೆ ಎಲೆ ಹಸಿರು. ಕಡ್ಡಿಯಿಂದ ಮೆಲ್ಲಗೆ ತಲೆ ಮುಟ್ಟಿದರೆ ಕತ್ತಿನ ಹಿಂದಿನಿಂದ ಒಂದು ಕವಲುಕೊಂಬು ಪಟ್ ಅಂತ ಹೊರಗೆ ಬರುತ್ತದೆ. ಒದ್ದೆಯಾಗಿ ಹೊಳೆಯುತ್ತದೆ. ಜೊತೆಗೇ ಹುಳಿ ಹುಳಿ ಘಾಟು. ಎರಡು ನಿಮಿಷ ಬಿಟ್ಟರೆ ಒಳಗೆ ಹೋಗುತ್ತದೆ. ನನ್ನ ಮಗಳು ಅದನ್ನು ನೋಡುತ್ತಾ ಸ್ಕೂಲ್ ವ್ಯಾನ್ ತಪ್ಪಿಸಿಕೊಂಡಿದ್ದಾಳೆ.

ರೇಷ್ಮೆ ಹುಳದ್ದೂ ಹೀಗೇ ಅಲ್ವಾ? ಹಿಪ್ಪುನೇರಳೆ ಹಾಲಿನಲ್ಲಿ ಬೇರೆ ಹುಳಕ್ಕೆ ವಿಷವಂತೆ, ರೇಷ್ಮೆ ಹುಳ ಮಾತ್ರ ತಿಂದು ಕೊಬ್ಬುತ್ತದಂತೆ.

ಚೆಟ್ಟಳ್ಳಿ ಕಾಫಿ:

ಹೌದು, ಸರಿಯಾಗಿಯೇ ಹೇಳಿದ್ರಿ. ಹಿಪ್ಪುನೇರಳೆಯ ಹಾಲಿನಲ್ಲಿ ಸಕ್ಕರೆಯ ವೇಷ ಹಾಕಿಕೊಂಡ ಪದಾರ್ಥ ಇದೆ. ಬೇರೆ ಹುಳ ತಿಂದರೆ ಸಕ್ಕರೆ ಅರಗಿಸುವ ಕೆಲಸವೇ ನಿಂತುಹೋಗುತ್ತದೆ. ಹರಳು ಗಿಡ ತಿನ್ನುವ ಎರಿ ರೇಷ್ಮೆ ಹುಳಕ್ಕೆ ಹಿಪ್ಪುನೇರಳೆ ಎಲೆ ಕೊಟ್ಟು ನೋಡಿದ್ದಾರೆ, ಬದುಕುವುದಿಲ್ಲ. ಮನೆ ರೇಷ್ಮೆ ಹುಳಕ್ಕೆ ಏನೂ ಆಗುವುದಿಲ್ಲ. ಅದು ಅಷ್ಟು ಕಾಲದಿಂದ ಅದೊಂದೇ ಗಿಡ ತಿಂದು ಬಂದಿದೆ.

ಮಗಳಿಗೆ ಆ ಹುಳ ಕೊಲ್ಲಬೇಡ ಅಂತ ಹೇಳಿ. ದೊಡ್ಡ ಗಿಡಕ್ಕೆ ಅದರಿಂದ ತೊಂದರೆ ಇಲ್ಲ. ಸಸಿಯಾದರೆ ಕೈಯಲ್ಲಿ ಆಯ್ದು ದೊಡ್ಡ ಗಿಡಕ್ಕೆ ಬಿಟ್ಟರಾಯಿತು.

ಸುಂಟಿಕೊಪ್ಪ ತೋಟ:

ಅಕ್ಕ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬ ತುಂಬ ಧನ್ಯವಾದ. ಓದಿದವನೇ ಕತ್ತಿ ಹಿಡಿದು ಪಂಪ್‌ಶೆಡ್ಡಿಗೆ ಹೋದೆ. ನೀವು ಹೇಳಿದ್ದು ಅಕ್ಷರಶಃ ನಿಜ. ಹೊರಗಿನ ಎರಡು ಬೆರಳು ದಪ್ಪದ ಬಿಳಿ ಭಾಗ ಪೂರ್ತಿ ಮಣ್ಣಾಗಿದೆ, ಉಗುರಿನಲ್ಲಿ ಕೆರೆದರೆ ಉದುರುತ್ತದೆ. ಅದರ ಒಳಗೆ ಹಳದಿ ಶುರುವಾದ ಗೆರೆಯಲ್ಲೇ ಗೆದ್ದಲು ನಿಂತಿದೆ. ಗೆರೆ ಎಳೆದು ಇಲ್ಲಿಗೆ ಸಾಕು ಅಂತ ಹೇಳಿದ ಹಾಗೆ. ಅಪ್ಪನನ್ನು ಕರೆದು ತೋರಿಸಿದೆ. "ಅಜ್ಜ ಬಾಚಿ ಹಿಡಿದು ಬಿಳಿ ತೆಗೆಯದೆ ಮರ ಮನೆ ಒಳಗೆ ಬಿಡುತ್ತಿರಲಿಲ್ಲ" ಅಂದರು. ಈ ಮಾತು ಮೊದಲೇ ಕೇಳಿದ್ದರೆ ಆಗುತ್ತಿತ್ತು.

ನಿಮ್ಮ ಪ್ರಶ್ನೆಗೆ ಉತ್ತರ: ಮರಗಸಿ ಜಾಸ್ತಿಯೇ ಆಯಿತು. ಕಾಳುಮೆಣಸಿಗೆ ಬೆಳಕು ಬೇಕು ಅಂತ ಮೇಲಿನ ಅರೇಬಿಕಾ ಪಟ್ಟಿಯಲ್ಲಿ ಎರಡು ದೊಡ್ಡ ಅತ್ತಿ ಮರ ಬೋಳಿಸಿದೆ. ಬೋರರ್ ಜಾಸ್ತಿ ಇರುವುದು ಅಲ್ಲೇ. ಮಹಾಗನಿಗೆ ಬೇಗ ದಪ್ಪ ಆಗಲಿ ಅಂತ ಯೂರಿಯಾ ಎರಡು ಸಲ ಹಾಕಿದ್ದೆ. ಬೇವಿನೆಣ್ಣೆ ತಂದು ಹೊಡೆದರೆ ಪ್ರಯೋಜನ ಉಂಟಾ?

ಚೆಟ್ಟಳ್ಳಿ ಕಾಫಿ:

ಅದೇ ಅನುಮಾನ ಇತ್ತು. ಯೂರಿಯಾ ಜಾಸ್ತಿಯಾದರೆ ಚಿಗುರು ಉದ್ದ, ಮೆತ್ತಗೆ, ನೀರು ನೀರು. ಮರ ಎಲ್ಲವನ್ನೂ ಬೆಳೆಯುವುದಕ್ಕೇ ಹಾಕುತ್ತದೆ. ಕಹಿ, ಒಗರು ಮಾಡುವುದಕ್ಕೆ ಕೈ ಬಿಗಿ ಮಾಡುತ್ತದೆ. ಅಂಥ ಚಿಗುರು ಹುಳಕ್ಕೆ ಬೆಣ್ಣೆ. ಈ ವರ್ಷ ಇನ್ನು ಹಾಕಬೇಡಿ. ಬುಡಕ್ಕೆ ತರಗು, ಸ್ವಲ್ಪ ಕೊಟ್ಟಿಗೆ ಗೊಬ್ಬರ ಸಾಕು.

ಬೇವಿನೆಣ್ಣೆ ಈಗ ಬೇಡ. ಹುಳ ಕುಡಿಯ ಒಳಗೆ ಕೂತಿದೆ, ಎಣ್ಣೆ ಹೊರಗೆ ಬೀಳುತ್ತದೆ. ಅಜಾಡಿರಾಕ್ಟಿನ್ ಬಿಸಿಲಿಗೆ ಬೇಗ ಕೆಡುತ್ತದೆ, ಮಳೆಗೆ ತೊಳೆದು ಹೋಗುತ್ತದೆ. ದುಡ್ಡು ದಂಡ.

ಹೀಗೆ ಮಾಡಿ. ಬಾಡಿದ ಪ್ರತಿ ಕುಡಿಯನ್ನೂ ಸುರಂಗ ಮುಗಿಯುವ ಜಾಗಕ್ಕಿಂತ ನಾಲ್ಕು ಬೆರಳು ಕೆಳಗೆ ಓರೆಯಾಗಿ ಕತ್ತರಿಸಿ. ಕೊಯ್ದ ಬಾಯಿ ಬೆಳ್ಳಗೆ, ತೂತಿಲ್ಲದೆ ಕಾಣಬೇಕು. ಕತ್ತರಿಸಿದ್ದನ್ನು ಅಲ್ಲೇ ಎಸೆಯಬೇಡಿ, ಅವತ್ತೇ ಸುಡಿ. ಎಸೆದರೆ ಹುಳ ಅಲ್ಲೇ ಗೂಡು ಕಟ್ಟಿ ಪತಂಗ ಆಗಿ ಮತ್ತೆ ಬರುತ್ತದೆ. ಆಮೇಲೆ ಕವಲು ಒಡೆದಾಗ ಎಲ್ಲಕ್ಕಿಂತ ನೆಟ್ಟಗಿರುವ ಒಂದನ್ನು ಬಿಟ್ಟು ಉಳಿದದ್ದು ಚಿವುಟಿ. ಮರ ಎತ್ತರ ಹೋದ ಮೇಲೆ ಈ ಹುಳದ ಕಾಟ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿಯವರೆಗೆ ಕಾಯಬೇಕು. ಮಹಾಗನಿ ಪಕ್ಕದಲ್ಲಿ ಬೇರೆ ಮರ ಎದ್ದು ಸ್ವಲ್ಪ ನೆರಳು ಕೊಟ್ಟರೆ ಒಳ್ಳೆಯದೇ, ಸವರಬೇಡಿ.

ಅರೇಬಿಕಾ ಪಟ್ಟಿಗೆ ಮಳೆಗಾಲ ಶುರುವಾದಾಗ ನೆರಳಿಗೆ ಹಾಲುವಾಣ ಮರದ ಗೂಟ ನೆಡಿ. ಅದರ ಎಲೆಗೆ 2005ರ ಆಚೀಚೆ ಬಂದ ಗಂಟು ಕಣಜ ಈಗಲೂ ಅಲ್ಲಲ್ಲಿ ಇದೆ. ಹಾಗಾಗಿ ಎಲೆಯಲ್ಲಿ ಗಂಟು ಇಲ್ಲದ ಮರ ನೋಡಿ ಗೂಟ ಕಡಿಸಿ. ಅತ್ತಿ ಮತ್ತೆ ಚಿಗುರುತ್ತದೆ, ಅದನ್ನು ಮುಟ್ಟಬೇಡಿ. ಬೋರರ್ ಗಿಡ ಹುಡುಕುವುದು ವರ್ಷಕ್ಕೆ ಎರಡು ಸಲ, ಮಾರ್ಚ್ ಮತ್ತು ಸೆಪ್ಟೆಂಬರ್. ಕಾಂಡದ ಮೇಲೆ ಉಬ್ಬಿದ ಗೆರೆ ಇದ್ದರೆ ಆ ಗಿಡ ಕಿತ್ತು ಸುಡಲೇಬೇಕು. ಗಿಡದ ಮೇಲೆ ಕನಿಕರ ತೋರಿಸಿದರೆ ಪಕ್ಕದ ಹತ್ತು ಗಿಡ ಹೋಗುತ್ತವೆ.

ಸುಂಟಿಕೊಪ್ಪ ತೋಟ:

ಇವತ್ತು ಬೆಳಿಗ್ಗೆ ಏಳಕ್ಕೆ ಶುರು ಮಾಡಿ ಹನ್ನೊಂದಕ್ಕೆ ಮುಗಿಸಿದೆವು. 27 ಮರಕ್ಕೆ ಒಟ್ಟು 34 ಕುಡಿ ಕತ್ತರಿಸಿದೆ. ಒಂದೊಂದನ್ನೂ ಸೀಳಿ ನೋಡಿದೆ. 22ರಲ್ಲಿ ಹುಳ ಇತ್ತು, 5ರಲ್ಲಿ ಗೂಡು, ಉಳಿದದ್ದು ಖಾಲಿ. ಎಲ್ಲ ಸುಟ್ಟಾಯಿತು. ಹುಳ ಬೀಳದ 13 ಮರ ಎಲ್ಲಿವೆ ಅಂತ ನೋಡಿದರೆ 11 ಇರುವುದು ಪಕ್ಕದ ಮನೆಯವರ ಹಲಸಿನ ನೆರಳಿನಲ್ಲಿ. ಯೂರಿಯಾ ಚೀಲ ಹೊತ್ತು ಅಷ್ಟು ದೂರ ಹೋಗಲು ಬೇಜಾರಾಗಿ ಅಲ್ಲಿಗೆ ಎರಡನೇ ಸಲ ಹಾಕಿಯೇ ಇರಲಿಲ್ಲ. ನೆರಳೋ ಗೊಬ್ಬರವೋ ಅಂತ ಮುಂದಿನ ಚಿಗುರಿಗೆ ನೋಡಿ ಇಲ್ಲೇ ಬರೆಯುತ್ತೇನೆ.